ಐದು ಸೆಕೆಂಡಿನ ಕಾಯುವಿಕೆ: ಲ್ಯಾಪ್‌ಟಾಪಿನ ಡಿಎನ್‌ಎಸ್ ದೋಷವನ್ನು ಪತ್ತೆಹಚ್ಚುವುದು ಮತ್ತು ಹಗುರವಾದ ಕ್ಯಾಶಿಂಗ್ ಸರ್ವರನ್ನು ಆರಿಸುವುದು

ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಬ್ರೌಸರಿನಲ್ಲಿ ಒಂದು ತಾಣದ ಹೆಸರು ಕೊಡುತ್ತೀರಿ. ಪುಟ ಖಾಲಿಯಾಗಿಯೇ ನಿಲ್ಲುತ್ತದೆ. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುತ್ತ ಹೋದರೆ ಐದರ ಹೊತ್ತಿಗೆ ಇಡೀ ಪುಟ ಚಿತ್ರಗಳ ಸಮೇತ ಒಮ್ಮೆಗೇ ಬಂದು ಕೂರುತ್ತದೆ. ಅದೇ ತಾಣದ ಇನ್ನೊಂದು ಪುಟಕ್ಕೆ ಹೋದರೆ ಏನೂ ತಡವಿಲ್ಲ. ವೇಗ ಅಳೆದು ನೋಡಿದರೆ ಸಂಪರ್ಕ ಚೆನ್ನಾಗಿಯೇ ಇದೆ. ಈ ಲಕ್ಷಣ ಕಂಡ ಹಲವರು, ಯಾರೋ ಹೇಳಿದರೆಂದು, ಹಗುರವಾದ ಒಂದು ಕ್ಯಾಶಿಂಗ್ ನೇಮ್ ಸರ್ವರನ್ನು, ಅಂದರೆ ತಾಣದ ಹೆಸರಿಗೆ ಸಿಕ್ಕ ವಿಳಾಸವನ್ನು ನೆನಪಿಟ್ಟುಕೊಂಡು ಮತ್ತೆ ಕೇಳಿದಾಗ ತಾನೇ ಉತ್ತರಿಸುವ ತಂತ್ರಾಂಶವನ್ನು, ಸ್ಥಾಪಿಸಿಕೊಳ್ಳುತ್ತಾರೆ. ಕೆಲವರಿಗೆ ಅದರಿಂದ ತೊಂದರೆ ನೀಗುತ್ತದೆ, ಕೆಲವರಿಗೆ ಏನೂ ಬದಲಾಗುವುದಿಲ್ಲ, ಇನ್ನು ಕೆಲವರಿಗೆ ಮಾರನೆಯ ದಿನ ಕಚೇರಿಯ ವಿಪಿಎನ್ ಕೆಲಸ ಮಾಡುವುದು ನಿಲ್ಲುತ್ತದೆ. ಈ ಮೂರು ಫಲಗಳಲ್ಲಿ ನಿಮಗೆ ಯಾವುದು ದಕ್ಕುತ್ತದೆ ಎಂಬುದನ್ನು ಸ್ಥಾಪಿಸುವ ಮೊದಲೇ ತಿಳಿಯಬಹುದು. ಅದಕ್ಕೆ ಬೇಕಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಕೋಣೆಯಲ್ಲಿ, ಒಂದೇ ತಂತಿಗೆ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಓಡುವ ಸರ್ವರಿಗೆ ಯಾವ ಕ್ಯಾಶ್ ಆದರೂ ನಡೆಯುತ್ತದೆ. ಬೆಳಗ್ಗೆ ಮನೆಯ ವೈ-ಫೈ, ದಾರಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್, ಮಧ್ಯಾಹ್ನ ಕಚೇರಿಯ ಜಾಲ, ರಾತ್ರಿ ವಿಪಿಎನ್ ಎಂದು ದಿನಕ್ಕೆ ನಾಲ್ಕು ಕಡೆ ಅಲೆಯುವ ಲ್ಯಾಪ್‌ಟಾಪಿನ ವಿಷಯ ಹಾಗಲ್ಲ. ಎಷ್ಟು ಹೆಸರುಗಳನ್ನು ನೆನಪಿಟ್ಟುಕೊಳ್ಳುತ್ತದೆ, ಎಷ್ಟು ಮೆಮೊರಿ ತಿನ್ನುತ್ತದೆ ಎಂಬ ಲೆಕ್ಕಕ್ಕಿಂತ, ಜಾಲ ಬದಲಾದ ಕ್ಷಣದಲ್ಲಿ ಆ ತಂತ್ರಾಂಶ ಏನು ಮಾಡುತ್ತದೆ ಎಂಬುದೇ ಇಲ್ಲಿ ಆಯ್ಕೆಯ ಅಳತೆಗೋಲು.

ಮುಂದಿನ ವಿವರಗಳು ಗ್ನೂ ಸಿ ಲೈಬ್ರರಿ (ಪ್ರೋಗ್ರಾಂಗಳ ಪರವಾಗಿ ಹೆಸರುಗಳನ್ನು ಹುಡುಕಿಕೊಡುವ ಮೂಲ ತಂತ್ರಾಂಶ) ಬಳಸುವ ಡೆಬಿಯನ್, ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಗಳಿಗೆ ಅನ್ವಯಿಸುತ್ತವೆ.

ತಡ ಎಲ್ಲಾಗುತ್ತಿದೆ

ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಪರಿವರ್ತಿಸುವ ಹಂತದಲ್ಲೇ, ಅಂದರೆ ಡಿಎನ್‌ಎಸ್ ವ್ಯವಸ್ಥೆಯಲ್ಲೇ, ತಡವಾಗುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಜಾಲದ ಪುಟಗಳನ್ನು ತರುವ ಕರ್ಲ್ ಆದೇಶಕ್ಕೆ ಟೈಮ್_ನೇಮ್‌ಲುಕಪ್, ಟೈಮ್_ಕನೆಕ್ಟ್, ಟೈಮ್_ಟೋಟಲ್ ಎಂಬ ಮೂರು ಮೌಲ್ಯಗಳನ್ನು ಮುದ್ರಿಸುವಂತೆ ತಿಳಿಸಿ, ತೊಂದರೆ ಕೊಡುವ ತಾಣವನ್ನು ತೆರೆಸಿ ನೋಡಿ. ಮೊದಲನೆಯ ಮೌಲ್ಯ 5 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ದೋಷ ಡಿಎನ್‌ಎಸ್‌ನದು. ಅದು ಕೆಲವೇ ಮಿಲಿಸೆಕೆಂಡುಗಳಷ್ಟಿದ್ದು ಎರಡನೆಯದೋ ಮೂರನೆಯದೋ ದೊಡ್ಡದಾಗಿದ್ದರೆ ತಡ ಬೇರೆಲ್ಲೋ ಇದೆ. ಯಾವ ನೇಮ್ ಸರ್ವರ್ ಹಾಕಿಕೊಂಡರೂ ಅದು ಕಡಿಮೆಯಾಗುವುದಿಲ್ಲ.

ಬ್ರೌಸರಿನಲ್ಲಿ ಮಾತ್ರ ತೊಂದರೆಯಿದ್ದು ಕರ್ಲ್‌ನಲ್ಲಿ ಇಲ್ಲದಿದ್ದರೆ, ಬ್ರೌಸರ್ ನಿಮ್ಮ ಗಣಕದ ವ್ಯವಸ್ಥೆಯನ್ನು ಕೇಳುತ್ತಲೇ ಇಲ್ಲದಿರಬಹುದು. 2018ರಲ್ಲಿ ಆರ್‌ಎಫ್‌ಸಿ 8484 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯ ಮೂಲಕ ರೂಪುಗೊಂಡ ಎಚ್‌ಟಿಟಿಪಿಎಸ್ ಮೇಲಿನ ಡಿಎನ್‌ಎಸ್ ಕ್ರಮದಲ್ಲಿ ಬ್ರೌಸರ್ ತನ್ನದೇ ಆಯ್ಕೆಯ ದೂರದ ಸರ್ವರನ್ನು ನೇರವಾಗಿ ಕೇಳುತ್ತದೆ. ಫೈರ್‌ಫಾಕ್ಸಿನ ‘ಅಬೌಟ್:ನೆಟ್‌ವರ್ಕಿಂಗ್’ ಪುಟದ ಡಿಎನ್‌ಎಸ್ ವಿಭಾಗದಲ್ಲಿ ಟಿಆರ್‌ಆರ್ ಎಂಬ ಕಾಲಂ ಇದೆ. ಅಲ್ಲಿ ‘ಟ್ರೂ’ ಎಂದಿರುವ ಹೆಸರುಗಳೆಲ್ಲ ನಿಮ್ಮ ಸ್ಥಳೀಯ ಕ್ಯಾಶನ್ನು ದಾಟಿ ಹೋದಂಥವು. ಹೀಗಿರುವಾಗ ಗಣಕದಲ್ಲಿ ಎಂಥ ಸರ್ವರ್ ಸ್ಥಾಪಿಸಿದರೂ ಬ್ರೌಸರಿಗೆ ಅದು ಇರುವುದೇ ತಿಳಿಯುವುದಿಲ್ಲ.

ಉತ್ತರ ಕೊಡುತ್ತಿರುವವರು ಯಾರು

ಎರಡನೆಯ ಪ್ರಶ್ನೆಗೆ ಉತ್ತರ ಇಟಿಸಿ ಕಡತಕೋಶದ ರಿಸಾಲ್ವ್-ಡಾಟ್-ಕಾನ್ಫ್ ಕಡತದಲ್ಲಿದೆ. ಅಲ್ಲಿ ‘ನೇಮ್‌ಸರ್ವರ್’ ಎಂಬ ಸಾಲಿನ ಮುಂದೆ 127.0.0.53 ಎಂದಿದ್ದರೆ ಸಿಸ್ಟಮ್‌ಡಿ-ರಿಸಾಲ್ವ್ಡ್ ಕೆಲಸ ಮಾಡುತ್ತಿದೆ, ಅಂದರೆ ನಿಮ್ಮ ಗಣಕದಲ್ಲಿ ಈಗಾಗಲೇ ಒಂದು ಕ್ಯಾಶ್ ಇದೆ. 127.0.0.1 ಎಂದಿದ್ದರೆ ಡಿಎನ್‌ಎಸ್‌ಮಾಸ್ಕ್, ಅನ್‌ಬೌಂಡ್‌ನಂಥ ಬೇರೊಂದು ಸ್ಥಳೀಯ ಸರ್ವರ್ ಇರಬೇಕು. 192.168 ಎಂದು ಆರಂಭವಾಗುವ ವಿಳಾಸವಿದ್ದರೆ ಪ್ರಶ್ನೆಗಳು ನೇರವಾಗಿ ರೌಟರಿಗೆ ಹೋಗುತ್ತಿವೆ, ಗಣಕದಲ್ಲಿ ಯಾವ ಕ್ಯಾಶೂ ಇಲ್ಲ. ಗ್ನೂ ಸಿ ಲೈಬ್ರರಿ ತಾನಾಗಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಫೆಡೋರಾದಲ್ಲಿ 2020ರ 33ನೇ ಆವೃತ್ತಿಯಿಂದ ರಿಸಾಲ್ವ್ಡ್ ಮೊದಲಿನಿಂದಲೇ ಚಾಲೂ ಇರುತ್ತದೆ, ಉಬುಂಟುವಿನಲ್ಲೂ ಹಾಗೆಯೇ. ಡೆಬಿಯನ್ 12ರಲ್ಲಿ ಅದು ಬೇಕೆಂದವರು ಹಾಕಿಕೊಳ್ಳಬೇಕಾದ ಪ್ರತ್ಯೇಕ ಪ್ಯಾಕೇಜ್. ಆದ್ದರಿಂದ ‘ಕ್ಯಾಶ್ ಹಾಕಿಕೊಳ್ಳಬೇಕು’ ಎಂದು ಹೊರಡುವ ಉಬುಂಟು ಬಳಕೆದಾರರಲ್ಲಿ ಹೆಚ್ಚಿನವರು ಇರುವ ಕ್ಯಾಶಿನ ಮೇಲೆ ಇನ್ನೊಂದನ್ನು ಹೇರಲು ಹೊರಟಿರುತ್ತಾರೆ.

ಈ ಹಂತದಲ್ಲಿ ಬಹಳ ಜನ ಎಡವುವುದು ಡಿಗ್ ಮತ್ತು ಗೆಟ್‌ಎಂಟ್ ಎಂಬ, ಹೆಸರು ಹುಡುಕುವ ಎರಡು ಆದೇಶಗಳ ವ್ಯತ್ಯಾಸವನ್ನು ಗಮನಿಸದೆ. ಡಿಗ್ ಆದೇಶವು ರಿಸಾಲ್ವ್-ಡಾಟ್-ಕಾನ್ಫ್ ಕಡತದಲ್ಲಿರುವ ಸರ್ವರನ್ನು ನೇರವಾಗಿ ಕೇಳುತ್ತದೆ. ಹೆಸರು-ವಿಳಾಸಗಳನ್ನು ಕೈಯಾರೆ ಬರೆದಿಡುವ ಹೋಸ್ಟ್ಸ್ ಕಡತವನ್ನಾಗಲಿ, ಯಾವ ಮೂಲವನ್ನು ಮೊದಲು ಕೇಳಬೇಕೆಂದು ಹೇಳುವ ಎನ್‌ಎಸ್‌ಸ್ವಿಚ್-ಡಾಟ್-ಕಾನ್ಫ್ ಕಡತದ ಅನುಕ್ರಮವನ್ನಾಗಲಿ ಅದು ನೋಡುವುದಿಲ್ಲ. ಬಹುಪಾಲು ಅನ್ವಯಗಳು ನಡೆಯುವುದು ಗೆಟ್‌ಎಂಟ್ ನಡೆಯುವ ದಾರಿಯಲ್ಲಿ, ಅಂದರೆ ಎನ್‌ಎಸ್‌ಸ್ವಿಚ್ ಹೇಳಿದ ಕ್ರಮದಲ್ಲಿ. ಒಂದೇ ಹೆಸರಿಗೆ ಡಿಗ್ ಸರಿಯಾದ ಉತ್ತರ ಕೊಟ್ಟು ಗೆಟ್‌ಎಂಟ್ ತಪ್ಪು ಉತ್ತರ ಕೊಟ್ಟರೆ ದೋಷ ನೇಮ್ ಸರ್ವರಿನಲ್ಲಿಲ್ಲ: ಹೋಸ್ಟ್ಸ್ ಕಡತದಲ್ಲಿ ಎಂದೋ ಪರೀಕ್ಷೆಗೆಂದು ಸೇರಿಸಿ ಮರೆತ ಸಾಲಿರಬಹುದು, ಹಿನ್ನೆಲೆಯಲ್ಲಿ ಎನ್‌ಎಸ್‌ಸಿಡಿ ಎಂಬ ಹಳೆಯ ಕ್ಯಾಶ್ ಓಡುತ್ತಿರಬಹುದು, ಅಥವಾ ‘ಲೋಕಲ್’ ಎಂದು ಕೊನೆಗೊಳ್ಳುವ ಕಚೇರಿಯ ಹೆಸರನ್ನು, ಒಂದೇ ಜಾಲದ ಯಂತ್ರಗಳು ಪರಸ್ಪರ ಹುಡುಕಿಕೊಳ್ಳುವ ಮಲ್ಟಿಕಾಸ್ಟ್ ಡಿಎನ್‌ಎಸ್ ನಡುವೆಯೇ ತಡೆದು ‘ಇಲ್ಲ’ ಎಂದು ಹೇಳುತ್ತಿರಬಹುದು.

ಡಿಗ್‌ನ ಉತ್ತರದಲ್ಲಿ ನೋಡಬೇಕಾದದ್ದು ಮೂರೇ ಸಾಲು. ‘ಸ್ಟೇಟಸ್’ ಎಂಬುದರ ಮುಂದಿನ ಪದ, ಕೊನೆಯಲ್ಲಿ ಬರುವ ‘ಸರ್ವರ್’ ವಿಳಾಸ, ಮತ್ತು ‘ಕ್ವೆರಿ ಟೈಮ್’. ಇವುಗಳ ಜೊತೆಗೆ ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕದಲ್ಲಿರುವ ಸಂಖ್ಯೆಯನ್ನೂ ಗಮನಿಸಬೇಕು. ಅದು ಟಿಟಿಎಲ್, ಅಂದರೆ ಆ ಉತ್ತರದ ಉಳಿದ ಆಯಸ್ಸು, ಸೆಕೆಂಡುಗಳ ಲೆಕ್ಕದಲ್ಲಿ. ಕನ್ನಡ ವಿಕಿಪೀಡಿಯದ ಹೆಸರನ್ನು ಹತ್ತು ಸೆಕೆಂಡು ಬಿಟ್ಟು ಎರಡು ಬಾರಿ ಕೇಳಿ ನೋಡಿ. ಎರಡನೆಯ ಸಲ ಆಯಸ್ಸು ಹತ್ತರಷ್ಟು ಇಳಿದು, ಕ್ವೆರಿ ಟೈಮ್ ಸೊನ್ನೆಯೋ ಒಂದೋ ಮಿಲಿಸೆಕೆಂಡಿಗೆ ಬಂದಿದ್ದರೆ ನಿಮ್ಮ ಗಣಕದೊಳಗೇ ಒಂದು ಕ್ಯಾಶ್ ಇದ್ದು ಸರಿಯಾಗಿ ಕೆಲಸ ಮಾಡುತ್ತಿದೆ. ಆಯಸ್ಸು ಇಳಿದಿದ್ದರೂ ಸಮಯ ಹತ್ತಿಪ್ಪತ್ತು ಮಿಲಿಸೆಕೆಂಡಿನಷ್ಟೇ ಉಳಿದಿದ್ದರೆ ಕ್ಯಾಶ್ ಇರುವುದು ರೌಟರಿನಲ್ಲೋ ಅದರಾಚೆಗೋ. (ಕನ್ನಡ ಲಿಪಿಯ ‘.ಭಾರತ’ ಹೆಸರುಗಳನ್ನು ಪರೀಕ್ಷಿಸುವವರಿಗೆ ಒಂದು ಮಾತು: ತಂತಿಯ ಮೇಲೆ ಆ ಹೆಸರುಗಳು ಲ್ಯಾಟಿನ್ ಅಕ್ಷರ-ಅಂಕಿಗಳ ಒಂದು ಸಂಕೇತ ರೂಪದಲ್ಲೇ ಸಾಗುತ್ತವೆ, ಕ್ಯಾಶಿಗೆ ಕಾಣುವುದೂ ಆ ರೂಪವೇ, ಆದ್ದರಿಂದ ಅಂಥ ಹೆಸರು ಸಿಗದಿದ್ದಾಗ ಲಿಪಿಯನ್ನು ಸಂಶಯಿಸುವ ಬದಲು ಸಂಕೇತ ರೂಪದಲ್ಲೇ ಕೇಳಿ ನೋಡಬೇಕು.)

ಐದೇ ಸೆಕೆಂಡು ಏಕೆ

ಐದು ಎಂಬ ಸಂಖ್ಯೆ ಆಕಸ್ಮಿಕವಲ್ಲ. ಗ್ನೂ ಸಿ ಲೈಬ್ರರಿಯ ಹುಡುಕಾಟ ವ್ಯವಸ್ಥೆಯು ಒಂದು ಸರ್ವರಿನ ಉತ್ತರಕ್ಕಾಗಿ ಕಾಯುವ ಅವಧಿಯನ್ನು ಯಾರೂ ಬದಲಿಸದಿದ್ದರೆ ಅದು 5 ಸೆಕೆಂಡು. ಪ್ರಯತ್ನಗಳ ಸಂಖ್ಯೆ 2. ಪಟ್ಟಿಯಿಂದ ಅದು ಓದುವ ಸರ್ವರುಗಳು ಹೆಚ್ಚೆಂದರೆ 3, ನಾಲ್ಕನೆಯದನ್ನು ಬರೆದರೂ ಗಣನೆಗಿಲ್ಲ. ಆದುದರಿಂದ ನಿಮ್ಮ ಗಡಿಯಾರ ಪ್ರತಿಸಲವೂ ಐದನ್ನೇ ತೋರಿಸುತ್ತಿದ್ದರೆ, ಕಳಿಸಿದ ಒಂದು ಪ್ರಶ್ನೆಗೆ ಉತ್ತರ ಬರಲೇ ಇಲ್ಲ ಎಂದು ಅರ್ಥ. ನಿಧಾನವಾದ ಸರ್ವರ್ ಹೀಗೆ ನಿಖರವಾಗಿ ಐದಕ್ಕೇ ಬಂದು ನಿಲ್ಲುವುದಿಲ್ಲ.

ಉತ್ತರ ಬಾರದಿರಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಮೊದಲನೆಯದು ಸರಳ: ಪಟ್ಟಿಯ ಮೊದಲ ಸರ್ವರ್ ಸತ್ತಿದೆ, ಅಥವಾ ಈಗಿನ ಜಾಲದಿಂದ ಅದನ್ನು ಮುಟ್ಟಲಾಗುತ್ತಿಲ್ಲ. ಇದಕ್ಕಿಂತ ತೊಡಕಿನ ಸಂಗತಿಯೆಂದರೆ, ಅದು ಸತ್ತಿದೆ ಎಂಬುದನ್ನು ಲೈಬ್ರರಿ ಯಾರಿಗೂ ಹೇಳುವುದಿಲ್ಲ. ಹೊಸದಾಗಿ ಆರಂಭವಾಗುವ ಪ್ರತಿಯೊಂದು ಪ್ರೋಗ್ರಾಂ ಮತ್ತೆ ಅದೇ ಸತ್ತ ಸರ್ವರನ್ನೇ ಮೊದಲು ಕೇಳಿ, ಐದು ಸೆಕೆಂಡು ಕಾದು, ಆಮೇಲೆ ಎರಡನೆಯದಕ್ಕೆ ಹೋಗುತ್ತದೆ. ಸ್ಥಳೀಯ ಸರ್ವರಿನಿಂದ ನಿಜವಾದ ಉಪಕಾರವಾಗುವುದು ಇಲ್ಲಿಯೇ. ಡಿಎನ್‌ಎಸ್‌ಮಾಸ್ಕ್ ತಾನು ಪ್ರಶ್ನೆ ದಾಟಿಸುವ ಸರ್ವರುಗಳಲ್ಲಿ ಮೊದಲು ಉತ್ತರಿಸಿದ್ದನ್ನು ಗುರುತಿಟ್ಟುಕೊಂಡು ಅದನ್ನೇ ಬಳಸುತ್ತ, ಆಗಾಗ ಎಲ್ಲವನ್ನೂ ಮತ್ತೆ ಪರೀಕ್ಷಿಸುತ್ತದೆ; ರಿಸಾಲ್ವ್ಡ್ ಒಂದು ಸರ್ವರ್ ಕೈಕೊಟ್ಟರೆ ಮುಂದಿನದಕ್ಕೆ ದಾಟಿ ಅಲ್ಲಿಯೇ ನಿಲ್ಲುತ್ತದೆ. ಹೆಸರುಗಳನ್ನು ನೆನಪಿಡುವುದಕ್ಕಿಂತ ಯಾವ ಸರ್ವರ್ ಬದುಕಿದೆ ಎಂಬುದನ್ನು ನೆನಪಿಡುವುದರಿಂದಲೇ ಹೆಚ್ಚಿನ ಸಮಯ ಉಳಿಯುತ್ತದೆ ಎಂಬುದು ನನ್ನ ಅನುಭವ.

ಎರಡನೆಯ ಕಾರಣ ಸ್ವಲ್ಪ ಸೂಕ್ಷ್ಮವಾದದ್ದು. ಲೈಬ್ರರಿಯು ಒಂದೇ ಹೆಸರಿಗೆ ಐಪಿವಿ4 ಮತ್ತು ಐಪಿವಿ6 ವಿಳಾಸಗಳೆರಡನ್ನೂ ಒಂದೇ ಸಾಕೆಟ್‌ನಿಂದ ಬೆನ್ನುಬೆನ್ನಿಗೆ ಕೇಳುತ್ತದೆ. ಕೆಲವು ಅಗ್ಗದ ರೌಟರುಗಳು ಹೀಗೆ ಜೋಡಿಯಾಗಿ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರಿಸಿ ಇನ್ನೊಂದನ್ನು ನುಂಗಿಬಿಡುತ್ತವೆ. ಇದನ್ನು ಗುರುತಿಸುವ ಬಗೆ ಹೀಗೆ: ಡಿಗ್ ಬಳಸಿ ಎ (ಐಪಿವಿ4) ದಾಖಲೆಯನ್ನೂ ಎಎಎಎ (ಐಪಿವಿ6) ದಾಖಲೆಯನ್ನೂ ಬೇರೆಬೇರೆಯಾಗಿ ಕೇಳಿದರೆ ಎರಡಕ್ಕೂ ತಕ್ಷಣ ಉತ್ತರ ಬರುತ್ತದೆ, ಆದರೆ ‘ಗೆಟ್‌ಎಂಟ್ ಎಹೋಸ್ಟ್ಸ್’ ಐದು ಸೆಕೆಂಡು ತೆಗೆದುಕೊಳ್ಳುತ್ತದೆ. ಆಗ ರಿಸಾಲ್ವ್-ಡಾಟ್-ಕಾನ್ಫ್ ಕಡತದ ‘ಆಪ್ಷನ್ಸ್’ ಸಾಲಿನಲ್ಲಿ ಸಿಂಗಲ್-ರಿಕ್ವೆಸ್ಟ್-ರೀಓಪನ್ ಎಂದು ತಾತ್ಕಾಲಿಕವಾಗಿ ಸೇರಿಸಿ ನೋಡಿ. ತಡ ಮಾಯವಾದರೆ ರೌಟರೇ ಅಪರಾಧಿ. ಯಾವ ತಂತ್ರಾಂಶವನ್ನೂ ಸ್ಥಾಪಿಸದೆ ಕೆಲಸ ಮುಗಿಯಿತು.

‘ಇಲ್ಲ’ ಎಂಬುದನ್ನೂ ನೆನಪಿಟ್ಟುಕೊಂಡಾಗ

ಮೇಲಿನದು ಕ್ಯಾಶ್ ಇಲ್ಲದ್ದರಿಂದ ಬರುವ ತೊಂದರೆ. ಕ್ಯಾಶ್ ಇರುವುದರಿಂದಲೇ ಬರುವ ತೊಂದರೆ ಬೇರೆ ಬಗೆಯದು, ಲ್ಯಾಪ್‌ಟಾಪಿನಲ್ಲಿ ಅದೇ ಹೆಚ್ಚು.

ವಿಪಿಎನ್ ಜೋಡಿಸುವ ಮೊದಲೇ ಮೇಲ್ ತಂತ್ರಾಂಶ ಕಚೇರಿಯ ಒಳಗಿನ ಸರ್ವರೊಂದರ ಹೆಸರನ್ನು ಕೇಳಿಬಿಡುತ್ತದೆ ಎಂದಿಟ್ಟುಕೊಳ್ಳಿ. ಹೊರಜಗತ್ತಿಗೆ ಆ ಹೆಸರು ಗೊತ್ತಿಲ್ಲ. ಎನ್‌ಎಕ್ಸ್‌ಡೊಮೇನ್, ಅಂದರೆ ಅಂಥ ಹೆಸರೇ ಇಲ್ಲ ಎಂಬ ಉತ್ತರ ಬರುತ್ತದೆ. 1998ರ ಆರ್‌ಎಫ್‌ಸಿ 2308ರ ಪ್ರಕಾರ ಈ ‘ಇಲ್ಲ’ ಎಂಬುದನ್ನೂ ಕ್ಯಾಶ್ ನೆನಪಿಟ್ಟುಕೊಳ್ಳಬೇಕು. ಎಷ್ಟು ಹೊತ್ತು ಎಂಬುದನ್ನು ಆ ವಲಯದ (ಡೊಮೇನಿನ) ಎಸ್‌ಒಎ ಎಂಬ ಆಡಳಿತ ದಾಖಲೆಯ ಕನಿಷ್ಠ-ಮೌಲ್ಯದ ಕ್ಷೇತ್ರ ಮತ್ತು ಆ ದಾಖಲೆಯದೇ ಟಿಟಿಎಲ್, ಇವೆರಡರಲ್ಲಿ ಚಿಕ್ಕದು ನಿರ್ಧರಿಸುತ್ತದೆ. ಒಂದು ನಿಮಿಷದ ಬಳಿಕ ವಿಪಿಎನ್ ಜೋಡಿಸಿದರೂ ಕ್ಯಾಶ್ ತನ್ನ ಹಳೆಯ ಮಾತನ್ನೇ ಹೇಳುತ್ತ ಕೂರುತ್ತದೆ. ವಿಪಿಎನ್ ಒಳಗಿರುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ಡಿಗ್‌ಗೆ ನೇರವಾಗಿ ಕೊಟ್ಟು ಅದೇ ಹೆಸರನ್ನು ಕೇಳಿ. ಅಲ್ಲಿ ವಿಳಾಸ ಸಿಕ್ಕು ಸ್ಥಳೀಯ ಸರ್ವರಿನಲ್ಲಿ ಸಿಗದಿದ್ದರೆ ರೋಗ ಇದೇ ಇರಬೇಕು. ರಿಸಾಲ್ವ್ಡ್ ಇದ್ದವರು ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’ ಎನ್ನುವುದರಿಂದಲೂ, ಡಿಎನ್‌ಎಸ್‌ಮಾಸ್ಕ್ ಇದ್ದವರು ಅದಕ್ಕೆ ಹ್ಯಾಂಗಪ್ ಸಂಕೇತ ಕಳಿಸುವುದರಿಂದಲೂ ಸಂಗ್ರಹವನ್ನು ಬರಿದುಮಾಡಬಹುದು. ಬರಿದಾದ ಮೇಲೂ ಹೆಸರು ಸಿಗದಿದ್ದರೆ ಪ್ರಶ್ನೆ ವಿಪಿಎನ್ ಕಡೆಗೆ ಹೋಗುತ್ತಲೇ ಇಲ್ಲ. ‘ರಿಸಾಲ್ವ್‌ಸಿಟಿಎಲ್ ಕ್ವೆರಿ’ ಯಾವ ಕೊಂಡಿಯ ಮೂಲಕ ಉತ್ತರ ಬಂತೆಂಬುದನ್ನೂ ತೋರಿಸುವುದರಿಂದ ಇದನ್ನು ಅಲ್ಲೇ ನೋಡಿಬಿಡಬಹುದು. ಚುಕ್ಕಿಯಿಲ್ಲದ ಒಂಟಿ ಹೆಸರುಗಳನ್ನು ರಿಸಾಲ್ವ್ಡ್ ಸಾಮಾನ್ಯ ಡಿಎನ್‌ಎಸ್‌ಗೆ ಕಳಿಸುವುದೇ ಇಲ್ಲ ಎಂಬುದೂ ನೆನಪಿರಲಿ. ‘ಇಂಟ್ರಾನೆಟ್’ ಎಂದಷ್ಟೇ ಟೈಪ್ ಮಾಡಿ ಅಭ್ಯಾಸವಾದ ಕಚೇರಿಗಳಲ್ಲಿ ಹುಡುಕಾಟದ ಡೊಮೇನನ್ನು ಹೊಂದಿಸದಿದ್ದರೆ ಇದೊಂದೇ ಕಾರಣದಿಂದ ಅರ್ಧ ದಿನ ಹಾಳಾಗಬಹುದು.

ಹೋಟೆಲು, ವಿಮಾನ ನಿಲ್ದಾಣಗಳ ಲಾಗಿನ್ ಪುಟದ ಸಮಸ್ಯೆಯೂ ಈ ಕುಟುಂಬದ್ದೇ. ಆ ಜಾಲಗಳು ಮೊದಲು ಎಲ್ಲ ಹೆಸರಿಗೂ ತಮ್ಮದೇ ವಿಳಾಸ ಕೊಟ್ಟು ಲಾಗಿನ್ ಪುಟಕ್ಕೆ ಎಳೆಯುತ್ತವೆ. ರಿಸಾಲ್ವ್ಡ್‌ನಲ್ಲಿ ಟಿಎಲ್‌ಎಸ್ ಮೇಲಿನ ಡಿಎನ್‌ಎಸ್ ಅನ್ನು, ಅಂದರೆ ಪ್ರಶ್ನೆಗಳನ್ನು ಗುಪ್ತವಾಗಿ ಕಳಿಸುವ ಕ್ರಮವನ್ನು, ‘ಯಸ್’ ಎಂದು ಕಡ್ಡಾಯ ಮಾಡಿಟ್ಟವರಿಗೆ ಅದು ಬಳಸುವ 853ನೇ ಪೋರ್ಟ್ ಲಾಗಿನ್‌ಗೆ ಮೊದಲು ಮುಚ್ಚಿರುವುದರಿಂದ ಯಾವ ಹೆಸರೂ ಸಿಗುವುದಿಲ್ಲ, ಲಾಗಿನ್ ಪುಟವೂ ತೆರೆಯುವುದಿಲ್ಲ. ಅದನ್ನು ‘ಆಪರ್ಚುನಿಸ್ಟಿಕ್’ ಎಂದು ಸಡಿಲಿಸಿದರೆ ಗುಪ್ತತೆಯ ಖಾತರಿ ಹೋಗುತ್ತದೆ, ಕಾಫಿ ಆರುವ ಮೊದಲು ಇಂಟರ್ನೆಟ್ ಮಾತ್ರ ಸಿಗುತ್ತದೆ.

ಸರ್ವ್‌ಫೇಲ್

ಸ್ಟೇಟಸ್ ‘ಸರ್ವ್‌ಫೇಲ್’ (ಸರ್ವರಿಗೆ ಉತ್ತರ ಕೊಡಲಾಗಲಿಲ್ಲ) ಎಂದಿದ್ದರೆ ಡಿಗ್‌ಗೆ ‘ಪ್ಲಸ್ ಸಿಡಿ’ ಎಂಬ ಆಯ್ಕೆ ಸೇರಿಸಿ ಮತ್ತೆ ಕೇಳಬೇಕು. ಅದು ಡಿಎನ್‌ಎಸ್‌ಸೆಕ್ ಸಹಿ ಪರಿಶೀಲನೆಯನ್ನು, ಅಂದರೆ ಉತ್ತರ ನಕಲಿಯಲ್ಲವೆಂದು ಡಿಜಿಟಲ್ ಸಹಿಯಿಂದ ಖಚಿತಪಡಿಸಿಕೊಳ್ಳುವುದನ್ನು, ಬಿಟ್ಟುಬಿಡು ಎಂಬ ಕೋರಿಕೆ. ಆಗ ಉತ್ತರ ಬಂದರೆ ಸಂಪರ್ಕ ಸರಿಯಿದೆ, ಪರಿಶೀಲನೆ ಸೋತಿದೆ.

ಆರು ತಿಂಗಳು ಪೆಟ್ಟಿಗೆಯಲ್ಲಿ ಮಲಗಿದ್ದ ಹಳೆಯ ಲ್ಯಾಪ್‌ಟಾಪೊಂದರಲ್ಲಿ ನನಗೆ ಇದೇ ಆಯಿತು. ಅನ್‌ಬೌಂಡ್ ಪ್ರತಿಯೊಂದು ಹೆಸರಿಗೂ ಸರ್ವ್‌ಫೇಲ್ ಎನ್ನುತ್ತಿತ್ತು. ನಾನು ರೌಟರನ್ನು ಎರಡು ಸಲ ಮರುಆರಂಭಿಸಿ, ಕೇಬಲ್ ಬದಲಿಸಿ, ಕೊನೆಗೆ ಪರದೆಯ ಮೂಲೆಯಲ್ಲಿದ್ದ ತಾರೀಕನ್ನು ನೋಡಿದೆ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತು ಗಡಿಯಾರ ಕೆಲವು ವರ್ಷ ಹಿಂದಕ್ಕೆ ಹೋಗಿತ್ತು. ಡಿಎನ್‌ಎಸ್‌ಸೆಕ್ ಸಹಿಗಳಿಗೆ ಆರಂಭದ ಮತ್ತು ಮುಕ್ತಾಯದ ಸಮಯವಿರುತ್ತದೆ. ಆ ಗಡಿಯಾರದ ಪಾಲಿಗೆ ಜಗತ್ತಿನ ಎಲ್ಲ ಸಹಿಗಳೂ ಭವಿಷ್ಯದಲ್ಲಿ ಆಗಬೇಕಾದವು. ಗಡಿಯಾರವನ್ನು ಸರಿಪಡಿಸಬೇಕಾದ ಎನ್‌ಟಿಪಿ ಸೇವೆಗೋ, ಸಮಯದ ಸರ್ವರಿನ ಹೆಸರೇ ಸಿಗುತ್ತಿಲ್ಲ. ತಾರೀಕನ್ನು ಕೈಯಾರೆ ಸರಿಪಡಿಸಿದ ಕೂಡಲೇ ಎಲ್ಲ ಹೆಸರುಗಳೂ ಸಿಕ್ಕವು, ಮಾರನೆಯ ದಿನ ಬ್ಯಾಟರಿ ಬದಲಿಸಿದೆ. ಅಂದಿನಿಂದ ಸರ್ವ್‌ಫೇಲ್ ಎಂಬ ಪದ ಕಂಡರೆ ನಾನು ಮೊದಲು ನೋಡುವುದು ಗಡಿಯಾರವನ್ನು.

ಹಾಗಾದರೆ ಯಾವುದನ್ನು ಆರಿಸಬೇಕು

ಪರೀಕ್ಷೆಗಳೆಲ್ಲ ಮುಗಿದು, ಸ್ಥಳೀಯ ಕ್ಯಾಶ್ ನಿಜವಾಗಿಯೂ ಬೇಕೆಂದು ಖಚಿತವಾದವರಿಗೆ ಈ ಭಾಗ.

ರಿಸಾಲ್ವ್ಡ್ ಈಗಾಗಲೇ ಇದ್ದರೆ ಅದನ್ನು ತೆಗೆದುಹಾಕಲು ಗಟ್ಟಿಯಾದ ಕಾರಣ ಬೇಕು. ಅದು ಪ್ರತಿ ಕೊಂಡಿಗೂ, ಅಂದರೆ ವೈ-ಫೈಗೆ ಬೇರೆ, ವಿಪಿಎನ್‌ಗೆ ಬೇರೆ ಎಂಬಂತೆ, ಸರ್ವರುಗಳ ಪಟ್ಟಿಯನ್ನೂ ಸಂಗ್ರಹವನ್ನೂ ಪ್ರತ್ಯೇಕವಾಗಿಡುತ್ತದೆ. ಅಲೆಮಾರಿ ಗಣಕಕ್ಕೆ ಹೇಳಿಮಾಡಿಸಿದ ಏರ್ಪಾಡು ಇದು. ಅದರ ಮೇಲೆ ಜನರಿಗಿರುವ ಸಿಟ್ಟಿನಲ್ಲಿ ಬಹುಪಾಲು ಅದರ ಮೊದಲ ವರ್ಷಗಳ ದೋಷಗಳಿಂದ ಬಂದದ್ದು, ಎಲ್ಲವೂ ಇಂದಿಗೆ ನ್ಯಾಯವಾದದ್ದಲ್ಲ.

ರಿಸಾಲ್ವ್ಡ್ ಬೇಡವೆನ್ನುವವರಿಗೆ, ಅಥವಾ ಅದಿಲ್ಲದ ಡೆಬಿಯನ್‌ನಲ್ಲಿರುವವರಿಗೆ, ನನ್ನ ಮೊದಲ ಸಲಹೆ ಸೈಮನ್ ಕೆಲ್ಲಿ ಬರೆದ ಡಿಎನ್‌ಎಸ್‌ಮಾಸ್ಕ್. ಇದು ತಾನೇ ಬೇರಿನಿಂದ, ಅಂದರೆ ಡಿಎನ್‌ಎಸ್‌ನ ತುತ್ತತುದಿಯ ರೂಟ್ ಸರ್ವರುಗಳಿಂದ ಆರಂಭಿಸಿ, ಹುಡುಕುವುದಿಲ್ಲ. ಪ್ರಶ್ನೆಯನ್ನು ಮೇಲಿನ ಸರ್ವರಿಗೆ ದಾಟಿಸಿ ಉತ್ತರವನ್ನು ನೆನಪಿಡುತ್ತದೆ, ಅಷ್ಟೇ. ಯಾವ ಸಂಯೋಜನೆಯೂ ಇಲ್ಲದಿದ್ದರೆ ಅದರ ಸಂಗ್ರಹ 150 ಹೆಸರುಗಳದು. ಇಂದಿನ ಒಂದು ಸುದ್ದಿತಾಣ ತೆರೆದರೆ ಹತ್ತಾರು ಹೆಸರುಗಳು ಬರುವುದರಿಂದ ಅದನ್ನು ಸಾವಿರಕ್ಕೆ ಏರಿಸಿಕೊಳ್ಳುವುದು ಒಳ್ಳೆಯದು. ಆದರೆ ಲ್ಯಾಪ್‌ಟಾಪಿನಲ್ಲಿ ಇದನ್ನು ಸ್ವತಂತ್ರ ಸೇವೆಯಾಗಿ ಓಡಿಸಬಾರದು, ಜಾಲ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರಿನ ಕೈಕೆಳಗೆ ಓಡಿಸಬೇಕು. ನೆಟ್‌ವರ್ಕ್‌ಮ್ಯಾನೇಜರಿನ ಸಂಯೋಜನಾ ಕಡತದಲ್ಲಿ ‘ಮೇನ್’ ವಿಭಾಗದ ಅಡಿಯಲ್ಲಿ ‘ಡಿಎನ್‌ಎಸ್=ಡಿಎನ್‌ಎಸ್‌ಮಾಸ್ಕ್’ ಎಂಬ ಒಂದೇ ಸಾಲು ಸಾಕು. ಆಗ ಅದು 400 ಹೆಸರುಗಳ ಸಂಗ್ರಹದೊಂದಿಗೆ 127.0.0.1ರಲ್ಲಿ ಆರಂಭವಾಗುತ್ತದೆ, ನೀವು ಮನೆಯಿಂದ ಹಾಟ್‌ಸ್ಪಾಟಿಗೆ ಬದಲಿಸಿದಾಗ ನೆಟ್‌ವರ್ಕ್‌ಮ್ಯಾನೇಜರ್ ಹೊಸ ಸರ್ವರುಗಳನ್ನು ಡಿ-ಬಸ್ ಮೂಲಕ ತಿಳಿಸುತ್ತದೆ, ಆ ಕ್ಷಣವೇ ಹಳೆಯ ಸಂಗ್ರಹ ಖಾಲಿಯಾಗುತ್ತದೆ. ಹಿಂದಿನ ಭಾಗದಲ್ಲಿ ಹೇಳಿದ ‘ಇಲ್ಲ’ದ ರೋಗಕ್ಕೆ ಮದ್ದು ಇಲ್ಲಿಯೇ ಇದೆ. 2021ರ ಜನವರಿಯಲ್ಲಿ ಡಿಎನ್‌ಎಸ್‌ಪೂಕ್ ಎಂಬ ಹೆಸರಿನಲ್ಲಿ ಬಹಿರಂಗವಾದ ಏಳು ಭದ್ರತಾ ದೋಷಗಳು 2.83ನೇ ಆವೃತ್ತಿಯಲ್ಲಿ ಸರಿಯಾದವು. ಅದಕ್ಕಿಂತ ಹಳೆಯದನ್ನು, ವಿತರಣೆಯವರು ತಿದ್ದಿ ಕೊಟ್ಟಿರದಿದ್ದರೆ, ಬಳಸಬಾರದು.

ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಲ್ಯಾಬ್ಸ್ ಸಂಸ್ಥೆಯ ಅನ್‌ಬೌಂಡ್ ಇವೆರಡಕ್ಕಿಂತ ಬಲವಾದ ತಂತ್ರಾಂಶ. ಬೇರು ಸರ್ವರಿನಿಂದ ಆರಂಭಿಸಿ ತಾನೇ ಹುಡುಕಬಲ್ಲದು, ಸಹಿಗಳನ್ನು ತಾನೇ ಪರಿಶೀಲಿಸಬಲ್ಲದು. ಮೆಮೊರಿಯ ಚಿಂತೆ ಅನಗತ್ಯ: ಅದರ ಎರಡು ಮುಖ್ಯ ಸಂಗ್ರಹಗಳಿಗೆ ಮೊದಲಿಗೆ ನಿಗದಿಯಾಗಿರುವುದು ತಲಾ 4 ಮೆಗಾಬೈಟ್. ವೇಗದ ಚಿಂತೆಯೂ ಜನ ಹೆದರುವಷ್ಟು ದೊಡ್ಡದಲ್ಲ, ಏಕೆಂದರೆ ‘ಕಾಮ್’, ‘ಇನ್’ ಮುಂತಾದವುಗಳ ಸರ್ವರುಗಳ ಮಾಹಿತಿ ಬೇರು ವಲಯದಿಂದ 172800 ಸೆಕೆಂಡು, ಅಂದರೆ ಪೂರ್ತಿ ಎರಡು ದಿನದ ಆಯಸ್ಸಿನೊಂದಿಗೆ ಬರುತ್ತದೆ. ಮೊದಲ ಸಲದ ಬಳಿಕ ಉಳಿಯುವುದು ಕೊನೆಯ ಒಂದೆರಡು ಮೆಟ್ಟಿಲು. ಇದರ ತೊಡಕು ಇರುವುದು ಅಲೆದಾಟದಲ್ಲಿ. ಪ್ರತಿ ಸರ್ವರಿನ ಸ್ಥಿತಿಗತಿಯನ್ನು ಅನ್‌ಬೌಂಡ್ ಬೇರೊಂದು ಸಂಗ್ರಹದಲ್ಲಿ 900 ಸೆಕೆಂಡು ಕಾಯ್ದಿಟ್ಟುಕೊಳ್ಳುತ್ತದೆ. ನಿದ್ದೆಯಿಂದೆದ್ದ ಲ್ಯಾಪ್‌ಟಾಪು ವೈ-ಫೈ ಸಿಗುವ ಮೊದಲೇ ಪ್ರಶ್ನೆಗಳನ್ನು ಕಳಿಸಿದರೆ ಎಲ್ಲವೂ ಸೋಲುತ್ತವೆ, ಅನ್‌ಬೌಂಡ್ ಆ ಸರ್ವರುಗಳೆಲ್ಲ ಸತ್ತಿವೆ ಎಂದು ಬರೆದಿಟ್ಟುಕೊಳ್ಳುತ್ತದೆ, ವೈ-ಫೈ ಬಂದ ಮೇಲೂ ಕೆಲವು ನಿಮಿಷ ಅದೇ ನಂಬಿಕೆಯಲ್ಲಿ ಸರ್ವ್‌ಫೇಲ್ ಕೊಡುತ್ತಿರುತ್ತದೆ. ನೆಟ್‌ವರ್ಕ್‌ಮ್ಯಾನೇಜರಿನ ಡಿಸ್ಪ್ಯಾಚರ್ ಕಡತಕೋಶದಲ್ಲಿ, ಸಂಪರ್ಕ ಸಿಕ್ಕ ಕೂಡಲೇ ‘ಅನ್‌ಬೌಂಡ್-ಕಂಟ್ರೋಲ್ ಫ್ಲಶ್_ಇನ್‌ಫ್ರಾ ಆಲ್’ ಎಂಬ ಆದೇಶವನ್ನು ನೀಡುವ ಪುಟ್ಟ ಸ್ಕ್ರಿಪ್ಟನ್ನು ಇಟ್ಟರೆ ಇದು ಬಗೆಹರಿಯುತ್ತದೆ.

ಅನ್‌ಬೌಂಡನ್ನು ಬೇರಿನಿಂದ ಹುಡುಕಲು ಬಿಡುವ ಮೊದಲು ಇನ್ನೊಂದು ಪರೀಕ್ಷೆ ಅಗತ್ಯ. ನೀವು ಬಳಸುವ ಪ್ರತಿ ಜಾಲದಲ್ಲೂ 192.0.2.1 ಎಂಬ ವಿಳಾಸಕ್ಕೆ ಡಿಗ್‌ನಿಂದ ಒಂದು ಪ್ರಶ್ನೆ ಕಳಿಸಿ. ಆರ್‌ಎಫ್‌ಸಿ 5737 ಆ ವಿಳಾಸದ ಗುಂಪನ್ನು ದಾಖಲೆಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ ಮೀಸಲಿಟ್ಟಿದೆ. ಅಲ್ಲಿ ಯಾವ ಸರ್ವರೂ ಇರಕೂಡದು, ಉತ್ತರ ಬರಕೂಡದು. ಆದರೂ ಉತ್ತರ ಬಂದರೆ ನಡುವೆ ಯಾರೋ 53ನೇ ಪೋರ್ಟಿನ ಪ್ರಶ್ನೆಗಳನ್ನೆಲ್ಲ ಹಿಡಿದು ತಾವೇ ಉತ್ತರಿಸುತ್ತಿದ್ದಾರೆ. ಅಂಥ ಜಾಲದಲ್ಲಿ ಬೇರಿನಿಂದ ಹುಡುಕಾಟ ಕುಂಟುತ್ತದೆ, ಸಹಿ ಪರಿಶೀಲನೆ ಮುರಿಯುತ್ತದೆ. ಅಲ್ಲಿ ಅನ್‌ಬೌಂಡನ್ನು ಟಿಎಲ್‌ಎಸ್ ಮೂಲಕ ದೂರದ ಒಂದು ಸರ್ವರಿಗೆ ದಾಟಿಸುವಂತೆ ಹೊಂದಿಸಬೇಕು, ಇಲ್ಲವೇ ಅದರ ಆಸೆಯನ್ನೇ ಬಿಡಬೇಕು.

ಹಳೆಯ ಲೇಖನಗಳಲ್ಲಿ ಇನ್ನೂ ಎರಡು ಹೆಸರು ಕಾಣಸಿಗುತ್ತವೆ. ಪಿಡಿಎನ್‌ಎಸ್‌ಡಿ ತನ್ನ ಸಂಗ್ರಹವನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತಿತ್ತು. ಡಯಲ್-ಅಪ್ ಕಾಲದಲ್ಲಿ, ಗಣಕವನ್ನು ಆರಿಸಿ ಹೊತ್ತಿಸಿದರೂ ನೆನ್ನೆಯ ವಿಳಾಸಗಳು ಉಳಿದಿರುವುದು ದೊಡ್ಡ ಅನುಕೂಲವಾಗಿತ್ತು. ಇಂದು ಬಹಳಷ್ಟು ದೊಡ್ಡ ತಾಣಗಳ ಉತ್ತರದ ಆಯಸ್ಸು ಒಂದರಿಂದ ಐದು ನಿಮಿಷ. ಡಿಸ್ಕಿನಲ್ಲಿ ಉಳಿಸಿ ಉಪಯೋಗವಿಲ್ಲ, ಜೊತೆಗೆ ಆ ತಂತ್ರಾಂಶದ ನಿರ್ವಹಣೆ ನಿಂತು ಬಹಳ ವರ್ಷಗಳಾದವು. ಡೇನಿಯಲ್ ಬರ್ನ್‌ಸ್ಟೈನ್ ಅವರ ಡಿಜೆಬಿಡಿಎನ್‌ಎಸ್ ಜೊತೆಗಿದ್ದ ಡಿಎನ್‌ಎಸ್‌ಕ್ಯಾಶ್, ಕ್ಯಾಶಿಗೆ ನಕಲಿ ಉತ್ತರ ತುಂಬುವ ಕಮಿನ್‌ಸ್ಕಿ ದಾಳಿ 2008ರಲ್ಲಿ ಬಯಲಾಗುವುದಕ್ಕೆ ವರ್ಷಗಳ ಮೊದಲೇ ಪ್ರತಿ ಪ್ರಶ್ನೆಗೂ ಪೋರ್ಟನ್ನು ಬದಲಿಸುತ್ತಿದ್ದ ಜಾಣ. ಆದರೆ ಡಿಎನ್‌ಎಸ್‌ಸೆಕ್ ಅರಿಯದು, ಜಾಲ ಬದಲಾದಾಗಲೆಲ್ಲ ಕೈಯಾರೆ ತಿದ್ದಬೇಕು. ಗೌರವದಿಂದ ಬದಿಗಿಡುವುದು ಒಳ್ಳೆಯದು.

ಸ್ಥಾಪಿಸುವಾಗ ಬರುವ ಜಗಳಗಳು

‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂಬ ದೂರು ಬಂದರೆ 53ನೇ ಪೋರ್ಟನ್ನು ಯಾರು ಹಿಡಿದಿದ್ದಾರೆಂದು ಎಸ್‌ಎಸ್ ಆದೇಶದಿಂದ ನೋಡಬೇಕು. ರಿಸಾಲ್ವ್ಡ್ ಹಿಡಿಯುವುದು 127.0.0.53 ಮುಂತಾದ ತನ್ನ ವಿಳಾಸಗಳನ್ನು ಮಾತ್ರ, ಆದ್ದರಿಂದ 127.0.0.1ರಲ್ಲಿ ಕೂರುವ ಅನ್‌ಬೌಂಡಿಗೂ ಅದಕ್ಕೂ ಜಗಳವಿಲ್ಲ. ಸ್ವತಂತ್ರವಾಗಿ ಓಡುವ ಡಿಎನ್‌ಎಸ್‌ಮಾಸ್ಕ್ ಎಲ್ಲ ವಿಳಾಸಗಳನ್ನೂ ಒಟ್ಟಿಗೆ ಹಿಡಿಯಲು ಹೋಗುವುದರಿಂದ ರಿಸಾಲ್ವ್ಡ್ ಜೊತೆಗೂ, ವರ್ಚುವಲ್ ಯಂತ್ರಗಳಿಗಾಗಿ ಲಿಬ್‌ವರ್ಟ್ 192.168.122.1ರಲ್ಲಿ ಓಡಿಸುವ ಇನ್ನೊಂದು ಡಿಎನ್‌ಎಸ್‌ಮಾಸ್ಕ್ ಜೊತೆಗೂ ಗುದ್ದಾಡುತ್ತದೆ. ‘ಬೈಂಡ್-ಇಂಟರ್‌ಫೇಸಸ್’ ಎಂಬ ಸಾಲು ಸೇರಿಸಿ, ಅದು ಪ್ರಶ್ನೆಗಳಿಗೆ ಕಿವಿಗೊಡಬೇಕಾದ ವಿಳಾಸವನ್ನು ಸ್ಪಷ್ಟವಾಗಿ ಹೇಳಿದರೆ ಸರಿಹೋಗುತ್ತದೆ.

ಎರಡು ಜನಪ್ರಿಯ ಸಲಹೆಗಳನ್ನು ಪಾಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ರಿಸಾಲ್ವ್-ಡಾಟ್-ಕಾನ್ಫ್ ಕಡತವನ್ನು ಯಾರೂ ಬದಲಿಸದಂತೆ ಚಾಟರ್ ಆದೇಶದಿಂದ ಬಿಗಿಯುವುದು ಒಂದು; ಮೂರು ತಿಂಗಳ ಬಳಿಕ ವಿಪಿಎನ್ ಏಕೆ ಕೆಲಸ ಮಾಡುತ್ತಿಲ್ಲವೆಂದು ಹುಡುಕುವಾಗ ಹೀಗೆ ಬಿಗಿದದ್ದು ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು, 127.0.0.1ರ ಕೆಳಗೆ ‘ಯಾವುದಕ್ಕೂ ಇರಲಿ’ ಎಂದು 8.8.8.8ನ್ನು ಎರಡನೆಯ ಸರ್ವರಾಗಿ ಬರೆಯುವುದು. ಸ್ಥಳೀಯ ಅನ್‌ಬೌಂಡ್ ಒಂದು ನಕಲಿ ಉತ್ತರವನ್ನು ಪತ್ತೆಹಚ್ಚಿ ಸರ್ವ್‌ಫೇಲ್ ಕೊಟ್ಟ ಕೂಡಲೇ ಲೈಬ್ರರಿ ಎರಡನೆಯ ಸರ್ವರನ್ನು ಕೇಳುತ್ತದೆ. ನಿಮ್ಮ ಗಣಕದ ಪರಿಶೀಲನೆಗೆ ಅಲ್ಲಿಗೆ ಬೆಲೆಯಿಲ್ಲದಂತಾಗುತ್ತದೆ. ಅಷ್ಟೇ ಅಲ್ಲ, ಸ್ಥಳೀಯ ಸರ್ವರ್ ಸತ್ತುಹೋದರೂ ಎಲ್ಲವೂ ಹೇಗೋ ನಡೆಯುತ್ತಿರುವುದರಿಂದ ಅದು ಸತ್ತ ಸುದ್ದಿ ನಿಮಗೆ ತಿಳಿಯುವುದು ಬಹಳ ತಡವಾಗಿ.

ಬದಲಿಸಿದ ಮೇಲೆ

ಮೊದಲಿದ್ದ ರಿಸಾಲ್ವ್-ಡಾಟ್-ಕಾನ್ಫ್ ನಿಜವಾದ ಕಡತವೋ ಬೇರೆಡೆಗೆ ತೋರಿಸುವ ಕೊಂಡಿಯೋ ಎಂಬುದನ್ನು ಬದಲಾವಣೆಗೆ ಮೊದಲೇ ಬರೆದಿಟ್ಟುಕೊಂಡಿರಬೇಕು. ಹಿಂದಿರುಗಲು ಅದೊಂದೇ ದಾರಿ. ಬಳಿಕ ಪರೀಕ್ಷೆಯನ್ನು ನಿಜವಾದ ದಿನಚರಿಯಂತೆಯೇ ನಡೆಸಿ. ಮನೆಯ ವೈ-ಫೈಯಲ್ಲಿ ಒಂದು ಹೆಸರನ್ನು ಎರಡು ಬಾರಿ ಕೇಳಿ, ಎರಡನೆಯದು ಸೊನ್ನೆ ಮಿಲಿಸೆಕೆಂಡಿಗೆ ಬಂತೇ ನೋಡಿ. ಮುಚ್ಚಳ ಮುಚ್ಚಿ, ಹತ್ತು ನಿಮಿಷ ಬಿಟ್ಟು, ಫೋನಿನ ಹಾಟ್‌ಸ್ಪಾಟಿನಲ್ಲಿ ತೆರೆದು, ಹಿಂದೆಂದೂ ಕೇಳದ ಒಂದು ಹೆಸರನ್ನು ಗೆಟ್‌ಎಂಟ್‌ನಿಂದ ಕೇಳಿ. ಕಚೇರಿಯ ಒಳಗಿನ ಹೆಸರೊಂದನ್ನು ವಿಪಿಎನ್ ಇಲ್ಲದೆ ಒಮ್ಮೆ ಬೇಕೆಂದೇ ಕೇಳಿ ‘ಇಲ್ಲ’ ಎನಿಸಿಕೊಂಡು, ಕೂಡಲೇ ವಿಪಿಎನ್ ಜೋಡಿಸಿ ಮತ್ತೆ ಕೇಳಿ. ಈ ಕೊನೆಯ ಪರೀಕ್ಷೆಯಲ್ಲಿ ವಿಳಾಸ ತಕ್ಷಣ ಸಿಕ್ಕರೆ ನೀವು ಹಾಕಿಕೊಂಡದ್ದನ್ನು ಇಟ್ಟುಕೊಳ್ಳಬಹುದು. ಸಿಗದಿದ್ದರೆ, ಬರೆದಿಟ್ಟುಕೊಂಡ ಹಳೆಯ ಕೊಂಡಿಯನ್ನು ಮರಳಿ ಹಾಕಿ, ನೆಟ್‌ವರ್ಕ್‌ಮ್ಯಾನೇಜರನ್ನು ಮರುಆರಂಭಿಸಿ, ಆಯ್ಕೆಯ ಭಾಗಕ್ಕೆ ಹಿಂದಿರುಗಿ.